ಹಾಯಿಕಂಬ ಮುರಿದ ಹಡಗೂ ನಮ್ಮ ಪಟ್ಟಣವೂ

ನಮ್ಮೂರು ಪಾಂಡವಪುರಕ್ಕೆ ಹಿಂದೆ ಬೇರೆ ಎರಡು ಹೆಸರಿದ್ದವು. ನಮ್ಮ ಜನರ ಬಾಯಲ್ಲಿ ಹಿರೋಡೆ, ಬ್ರಿಟಿಷರ ಕಾಗದಪತ್ರದಲ್ಲಿ ಫ್ರೆಂಚ್ ರಾಕ್ಸ್. ನಮ್ಮ ತಾತ ಕೊನೇವರೆಗೂ ಹಿರೋಡೆ ಅಂತಲೇ ಅಂತಿದ್ದರು. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಅವರ ಸೈನ್ಯದಲ್ಲಿ ಕೆಲಸಕ್ಕಿದ್ದ ಫ್ರೆಂಚರು ಇಲ್ಲಿನ ಬಂಡೆಗಳ ಮಗ್ಗುಲಲ್ಲಿ ಬೀಡುಬಿಟ್ಟಿದ್ದರಿಂದ ಆ ಇಂಗ್ಲಿಷ್ ಹೆಸರು ಬಂತು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಸಣ್ಣವನಿದ್ದಾಗಿಂದ ನನ್ನ ತಲೆ ತಿನ್ನುತ್ತಿದ್ದ ಪ್ರಶ್ನೆ ಬೇರೆ. ಸುತ್ತ ಎಲ್ಲಿ ನೋಡಿದರೂ ಕಬ್ಬು, ಭತ್ತ, ನಾಲೆ ನೀರು ಇರೋ ಈ ಊರಿಗೆ ಆ ಫ್ರೆಂಚರು ಬಂದಿದ್ದಾದರೂ ಹೇಗೆ? ಹಡಗಲ್ಲಿ ತಾನೇ? ಅಂದಮೇಲೆ ನಮ್ಮ ಶ್ರೀರಂಗಪಟ್ಟಣದ ಕಥೆಯಲ್ಲಿ ಸಮುದ್ರದ ಪಾಲೂ ಇರಲೇಬೇಕಲ್ಲ!

ಇಂಜಿನಿಯರಿಂಗ್ ಓದಿ, ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯೋ ನಾನು ಇತಿಹಾಸಕಾರನೇನಲ್ಲ. ವಾರಾಂತ್ಯದಲ್ಲಿ ಊರಿಗೆ ಹೋಗುವಾಗ ರೈಲಿನಲ್ಲಿ ಓದಿದ್ದು, ಯೋಚಿಸಿದ್ದು ಇಷ್ಟು. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಟಿಪ್ಪು ಹೆಸರು ಎತ್ತಿದ ಕೂಡಲೇ ಜಗಳ ಶುರುವಾಗುತ್ತೆ. ನಮ್ಮ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಇವತ್ತಿಗೂ ದೀಪಾವಳಿ ಮಾಡಲ್ಲ, ಅದರ ಹಿಂದಿನ ನೋವು ಸಣ್ಣದಲ್ಲ. ಅದನ್ನು ಬರೆಯೋಕೆ ಬೇರೆಯೇ ದಿನ ಬೇಕು. ಇವತ್ತಿನದು ಹಡಗು, ಗಾಳಿ, ಮಳೆ ವಿಷಯ ಮಾತ್ರ.

ನಾಗಮಂಗಲದ ಕಡೆಯವರು ಆಕಾಶ ನೋಡೋದು ರಾಗಿಗೋಸ್ಕರ. ಕೆ.ಆರ್.ಪೇಟೆಯವರು ಹೇಮಾವತಿಗೆ ಎಷ್ಟು ನೀರು ಬಂತು ಅಂತ ಕೇಳ್ತಾರೆ. ನಮ್ಮಲ್ಲಿ ಆರಿದ್ರಾ ಮಳೆ ಚೆನ್ನಾಗಿ ಹಿಡಿದರೆ ಹಬ್ಬ. ಅದೇ ಮಳೆ ಕರಾವಳಿಯಲ್ಲಿ ಸಮುದ್ರಕ್ಕೆ ಬಾಗಿಲು ಹಾಕಿಬಿಡುತ್ತೆ. ಜೂನ್‌ನಿಂದ ಆಗಸ್ಟ್ ಕೊನೇವರೆಗೆ ಹಾಯಿ ಹಡಗುಗಳು ಪಶ್ಚಿಮ ಕರಾವಳಿಯ ಹತ್ತಿರ ಸುಳೀತಿರಲಿಲ್ಲ. ನೈಋತ್ಯದ ಗಾಳಿ ಹಡಗನ್ನು ನೇರ ದಡಕ್ಕೇ ತಂದು ಬಡಿಯುತ್ತೆ. ಅದೂ ಅಲ್ಲದೆ ಮಂಗಳೂರಿನ ಹಳೇ ಬಂದರು ಇದ್ದದ್ದು ನೇತ್ರಾವತಿ-ಗುರುಪುರ ನದಿಗಳು ಸಮುದ್ರ ಸೇರೋ ಅಳಿವೆಯ ಒಳಗೆ. ಅಳಿವೆ ಬಾಯಲ್ಲಿ ಮರಳದಿಬ್ಬ. ದೊಡ್ಡ ಹಡಗು ಒಳಗೆ ಬರೋ ಹಾಗಿಲ್ಲ, ಹೊರಗೆ ನಿಂತರೆ ಅಲೆ ಬಿಡಲ್ಲ. ನೂಲ ಹುಣ್ಣಿಮೆ ದಿನ ಕಡಲಿಗೆ ತೆಂಗಿನಕಾಯಿ, ಹಾಲು ಅರ್ಪಿಸಿ ಆಮೇಲೆ ದೋಣಿ ಇಳಿಸೋ ಪದ್ಧತಿ ಸುಮ್ಮನೆ ಬಂದದ್ದಲ್ಲ. ಒಂದು ಸಲ ಮಲ್ಪೆಗೆ ಹೋಗಿದ್ದಾಗ ಸೇಂಟ್ ಮೇರೀಸ್ ದ್ವೀಪದ ದೋಣಿ ನಿಲ್ಲಿಸಿಬಿಟ್ಟಿದ್ದರು. ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ! ಯಾಕಣ್ಣ ಅಂದ್ರೆ ದೋಣಿಯವ ಸಮುದ್ರದ ಕಡೆ ಗಲ್ಲ ಎತ್ತಿ ತೋರಿಸಿದ, ಅಷ್ಟೇ. ನಾವು ಬಯಲುಸೀಮೆಯವರು ಮೇಲೆ ನೋಡ್ತೀವಿ, ಅವರು ಮುಂದೆ ನೋಡ್ತಾರೆ.

ಟಿಪ್ಪುವೂ ಒಂದು ರೀತಿ ನಮ್ಮ ಹಾಗೇ ಬಯಲುಸೀಮೆಯ ಮನುಷ್ಯ. ರಾಜಧಾನಿ ಕಾವೇರಿಯ ನಡುವೆ, ಮಂಗಳೂರಿಂದ ಹತ್ತಿರತ್ತಿರ 250 ಕಿಲೋಮೀಟರ್ ದೂರ, ಮಧ್ಯೆ ಘಟ್ಟ. ಆದರೆ ಆತನ ಆಸೆಯೆಲ್ಲ ಸಮುದ್ರದ ಮೇಲೆ. 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆಗೆ ಇಟ್ಟ ಹೆಸರು ದರಿಯಾ ದೌಲತ್. ಪರ್ಶಿಯನ್‌ನಲ್ಲಿ ದರಿಯಾ ಅಂದರೆ ಕಡಲು, ಹೊಳೆಗೂ ಸಲ್ಲುತ್ತೆ. ನೌಕಾಪಡೆಯ ಅಧಿಕಾರಿಗೆ ಕೊಟ್ಟ ಹುದ್ದೆ ಮೀರ್-ಎ-ಯಮ್. ಕೇಳಿದ ತಕ್ಷಣ ಕೋಣ ಹತ್ತಿದ ಯಮಧರ್ಮ ಕಣ್ಮುಂದೆ ಬರ್ತಾನೆ :) ಆದರೆ ಅದು ಅರಬ್ಬಿ ಮಾತು, ಯಮ್ ಅಂದರೆ ಸಮುದ್ರ. ಮುಂದಿನ ಕಥೆ ಓದಿದರೆ ನಮ್ಮ ಅರ್ಥವೂ ತೀರಾ ತಪ್ಪಲ್ಲ ಅನ್ಸುತ್ತೆ.

ಮೊದಲ ದೊಡ್ಡ ಪ್ರಯಾಣ 1786ರದ್ದು. ಇಸ್ತಾಂಬುಲ್‌ನ ಸುಲ್ತಾನನ ಹತ್ತಿರ ಗುಲಾಂ ಅಲಿ ಖಾನ್ ನೇತೃತ್ವದಲ್ಲಿ ರಾಯಭಾರಿಗಳನ್ನು ಕಳಿಸಿದ್ದು. 1785ರ ನವೆಂಬರ್‌ನಲ್ಲಿ ನೇಮಕ. 1786ರ ಮಾರ್ಚ್‌ನಲ್ಲಿ ಕುಮಟಾ ಹತ್ತಿರದ ತದಡಿಯಿಂದ, ಅಂದರೆ ಅಘನಾಶಿನಿ ಸಮುದ್ರ ಸೇರೋ ಜಾಗದಿಂದ, ನಾಲ್ಕು ಹಡಗು ಹೊರಟವು. ಜೊತೆಗೆ ಸುಮಾರು 900 ಜನ! ಮೆಣಸು, ಏಲಕ್ಕಿ, ಗಂಧದ ಮರ, ಬಟ್ಟೆ, ಚಿನ್ನ, ಮೇಲೆ ನಾಲ್ಕು ಆನೆ. ಆನೆಗಳ ಲೆಕ್ಕವೂ ಮೊದಲೇ ಆಗಿತ್ತು: ಒಂದು ತುರ್ಕಿ ಸುಲ್ತಾನನಿಗೆ, ಒಂದು ಫ್ರಾನ್ಸ್ ದೊರೆಗೆ, ಒಂದು ಇಂಗ್ಲೆಂಡ್ ದೊರೆಗೆ, ಇನ್ನೊಂದು ಮಾರಿ ದಾರಿಖರ್ಚಿಗೆ. ಯಾಕಂದರೆ ಇಸ್ತಾಂಬುಲ್ ಮುಗಿಸಿ ಪ್ಯಾರಿಸ್‌ಗೆ, ಅಲ್ಲಿಂದ ಲಂಡನ್‌ಗೆ ಹೋಗಿ ಅಂತ ಹುಕುಂ. ಮಂಗಳೂರು ಬಂದರಿನ ಬದಲಿಗೆ ಬಸ್ರಾ ಬಂದರನ್ನು ಗುತ್ತಿಗೆಗೆ ಕೇಳೋದು, ಬಂದೂಕು, ಗಡಿಯಾರ, ಗಾಜು ಮಾಡೋ ಕುಶಲಕರ್ಮಿಗಳನ್ನು ಕರೆತರೋದು, ಯೂಫ್ರಟಿಸ್‌ನಿಂದ ನಜಫ್‌ಗೆ ಕಾಲುವೆ ತೋಡಿಸೋಕೆ ಒಪ್ಪಿಗೆ ಪಡೆಯೋದು.. ಪಟ್ಟಿ ಬಹಳ ಉದ್ದ ಇತ್ತು. ಕ್ಲೈಂಟ್ ಕೊಡೋ ರಿಕ್ವೈರ್‌ಮೆಂಟ್ ಪಟ್ಟಿ ನೋಡಿ ಅಭ್ಯಾಸ ಇರೋ ನನಗೇ ಇದನ್ನು ಓದಿ ತಲೆ ತಿರುಗಿತು. ಎಲ್ಲ ಇತ್ತು, ಗಾಳಿಯ ಲೆಕ್ಕ ಒಂದು ಬಿಟ್ಟು.

ಮಾರ್ಚ್ ತಿಂಗಳು ಅಂದರೆ ತಡ. ಈಶಾನ್ಯದ ಗಾಳಿ ಇಳಿಯುತ್ತಾ ಬಂದಿರುತ್ತೆ. ಏಪ್ರಿಲ್‌ನಲ್ಲಿ ಮಸ್ಕತ್ ಸೇರಿದರು, ಅಲ್ಲೇ ವಾರಗಟ್ಟಲೆ ನಿಂತರು. ಅಲ್ಲಿಂದ ಮುಂದೆ ಪರ್ಶಿಯನ್ ಕೊಲ್ಲಿಗೆ ಹೊಕ್ಕಾಗ ಬೇಸಿಗೆಯ ನಡುಮಧ್ಯ. ಜೂನ್, ಜುಲೈನಲ್ಲಿ ಆ ಕೊಲ್ಲಿಯಲ್ಲಿ ಶಮಾಲ್ ಅನ್ನೋ ವಾಯುವ್ಯದ ಗಾಳಿ ಬೀಸುತ್ತೆ, ದಿನಗಟ್ಟಲೆ ಬಿಡದೆ, ಮರಳು ಹೊತ್ತುಕೊಂಡು. ಇವರು ಹೋಗಬೇಕಾದ ಬಸ್ರಾ ಇರೋದೂ ವಾಯುವ್ಯಕ್ಕೇ! ಹಾಯಿ ಹಡಗು ಎದುರು ಗಾಳಿಗೆ ನೇರ ಹೋಗೋಕಾಗಲ್ಲ. ಎಡಕ್ಕೊಂದು ಓರೆ, ಬಲಕ್ಕೊಂದು ಓರೆ ಹಾಕುತ್ತಾ ಹತ್ತು ಮೈಲಿಗೆ ಮೂವತ್ತು ಮೈಲಿ ತಿರುಗಬೇಕು. ತದಡಿಯಿಂದ ಬಸ್ರಾಕ್ಕೆ ಮುಟ್ಟಿದ್ದು ಆಗಸ್ಟ್‌ನಲ್ಲಿ. ಐದು ತಿಂಗಳು. ಅಷ್ಟು ಹೊತ್ತಿಗೆ ಬಿರುಗಾಳಿ ಮತ್ತು ಬೆಂಕಿ ಎರಡೂ ಆ ನಾಲ್ಕು ಹಡಗುಗಳ ಮೇಲೆ ಕೈಮಾಡಿದ್ದವು. ನಬಿ ಬಖ್ಶ್ ಅನ್ನೋ ಹಡಗು ಬೆಂಕಿ ಬಿದ್ದು ಹೋಯಿತು, ಜನರೂ ಸತ್ತರು. ಆನೆಗಳಲ್ಲಿ ಒಂದೂ ಯಾವ ದೊರೆಯ ಮುಖವನ್ನೂ ನೋಡಲಿಲ್ಲ.

ಈ ಆನೆಗಳ ವಿಷಯ ನನ್ನನ್ನು ಬಹಳ ಕಾಡಿತು. ಕಾಡಲ್ಲಿ ಸೊಪ್ಪು ತಿಂದುಕೊಂಡು, ಹೊಳೆಯಲ್ಲಿ ಮೀಯುತ್ತಾ ಇದ್ದ ಪ್ರಾಣಿಗಳು. ಒಂದು ಆನೆಗೆ ದಿನಕ್ಕೆ ನೂರಾರು ಕಿಲೋ ಮೇವು, ನೂರು ಲೀಟರ್‌ಗೂ ಮೀರಿ ನೀರು ಬೇಕು. ತಿಂಗಳುಗಟ್ಟಲೆ ತೂಗಾಡೋ ಹಲಗೆ ಮೇಲೆ, ಕೊಲ್ಲಿಯ ಆ ಬಿಸಿಲಲ್ಲಿ ಪೀಪಾಯಿ ನೀರು ನಂಬಿಕೊಂಡು ಅವನ್ನು ಹೇಗೆ ಸಾಕಿದರೋ ಮಾವುತರು! ಆ ಪ್ರಯಾಣದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ಪರ್ಶಿಯನ್‌ನಲ್ಲಿ ಬರೆದಿಟ್ಟ ದಿನಚರಿಯನ್ನು ಮೊಹಿಬ್ಬುಲ್ ಹಸನ್ ಸಂಪಾದಿಸಿ 1968ರಲ್ಲಿ ಅಚ್ಚು ಹಾಕಿಸಿದ್ದಾರೆ. ರಾಯಭಾರಿಗಳ ಹೆಸರು ಹೀಗೆ ಉಳಿದುಕೊಂಡವು. 900 ಜನರಲ್ಲಿ ಅಡುಗೆಯವರು, ಸಿಪಾಯಿಗಳು, ಕೂಲಿಗಳು ಎಷ್ಟೋ ಮಂದಿ. ನಮ್ಮ ಸುತ್ತಮುತ್ತಲ ಹಳ್ಳಿಯವರೂ ಇದ್ದಿರಬಹುದು ಅಂತ ನನ್ನ ಅನಿಸಿಕೆ.

ಉಳಿದವರು ಬಾಗ್ದಾದ್ ದಾಟಿ, ನೆಲದ ದಾರಿಯಲ್ಲಿ ಇಸ್ತಾಂಬುಲ್ ಮುಟ್ಟಿದ್ದು 1787ರ ಸೆಪ್ಟೆಂಬರ್‌ನಲ್ಲಿ. ಆ ಹೊತ್ತಿಗೆ ತುರ್ಕಿಗೂ ರಷ್ಯಾಕ್ಕೂ ಯುದ್ಧ ಹತ್ತಿಕೊಂಡಿತ್ತು. ಸುಲ್ತಾನ್ ಒಂದನೇ ಅಬ್ದುಲ್ ಹಮೀದ್ ಮರ್ಯಾದೆ ಮಾಡಿದ, ಖಿಲ್ಲತ್ತು ಕೊಟ್ಟ, ಬಸ್ರಾ ಕೊಡಲಿಲ್ಲ, ಸೈನ್ಯವನ್ನೂ ಕೊಡಲಿಲ್ಲ. ವಾಪಸ್ಸು ಬರುವಾಗ ಈಜಿಪ್ಟ್, ಜೆದ್ದಾ, ಮೆಕ್ಕಾ. ದಾರಿಯಲ್ಲಿ ಪ್ಲೇಗು. 1789ರ ಕೊನೆಯಲ್ಲಿ ಕಲ್ಲಿಕೋಟೆಯಲ್ಲಿ ಇಳಿದಾಗ ಹೋದವರಲ್ಲಿ ಉಳಿದಿದ್ದವರು ಬಹಳ ಕಡಿಮೆ. ನಾಲ್ಕು ವರ್ಷ ಹತ್ತಿರ ಹತ್ತಿರ.

ಇವರು ಇರಾಕಿನಲ್ಲೇ ಸಿಕ್ಕಿಕೊಂಡಿದ್ದು ನೋಡಿ ಟಿಪ್ಪು ಫ್ರಾನ್ಸ್‌ಗೆ ಬೇರೆ ಮೂವರನ್ನು ನೇರವಾಗಿ ಕಳಿಸಿದ. 1787ರ ಜುಲೈ 22ಕ್ಕೆ ಪುದುಚೇರಿಯಿಂದ ಅರೋರ್ ಅನ್ನೋ ಫ್ರೆಂಚ್ ಹಡಗಿನಲ್ಲಿ ಹೊರಟು, ಮಾರಿಷಸ್, ಗುಡ್‌ಹೋಪ್ ಭೂಶಿರ ಸುತ್ತಿ ತೂಲೋನ್‌ನಲ್ಲಿ ಇಳಿದದ್ದು 1788ರ ಜೂನ್ 9ಕ್ಕೆ. 323 ದಿನ! ಆಗಸ್ಟ್ 10ಕ್ಕೆ ವರ್ಸೈನಲ್ಲಿ 16ನೇ ಲೂಯಿಯ ದರ್ಶನ. ಅವರಲ್ಲಿ ಮಹಮ್ಮದ್ ದರ್ವೇಶ್ ಖಾನನ ಚಿತ್ರವನ್ನು ವಿಜೇ ಲ ಬ್ರುನ್ ಅನ್ನೋ ಹೆಸರಾಂತ ಚಿತ್ರಕಾರ್ತಿ ಬರೆದಳು. ಅದು 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರ್‌ಗಿಂತ ಹೆಚ್ಚಿಗೆ ಹೋಯಿತು. ರಾಯಭಾರದಿಂದ ಆ ಕಾಲಕ್ಕೆ ಬಂದ ಲಾಭ ಮಾತ್ರ ಕೆಲವು ಕುಶಲಕರ್ಮಿಗಳು ಮತ್ತು ಒಳ್ಳೆ ಮಾತು. ಮರುವರ್ಷ ಪ್ಯಾರಿಸ್‌ನಲ್ಲಿ ಕ್ರಾಂತಿ ಆಯಿತು, ಆ ದೊರೆಯೇ ಉಳಿಯಲಿಲ್ಲ.

ಈಗ ಅಸಲು ಕಥೆಗೆ ಬರ್ತೀನಿ. ನನ್ನ ಪ್ರಕಾರ ನಮ್ಮ ಪಟ್ಟಣದ ಹಣೆಬರಹ ತಿರುಗಿಸಿದ್ದು ಈ ಮೆರೆದಾಡಿದ ಹಡಗುಗಳಲ್ಲ, ಒಂದು ಮುರುಕಲು ಹಡಗು.

1797ರ ಆರಂಭ. ಮಂಗಳೂರಿನ ಹತ್ತಿರ ಒಂದು ಹಡಗು ತೇಲಿಕೊಂಡು ಬಂತು. ಹಾಯಿಕಂಬ ಮುರಿದುಹೋಗಿದೆ, ಮುಂದೆ ಹೋಗೋ ಸ್ಥಿತಿಯಲ್ಲಿಲ್ಲ, ರಿಪೇರಿ ಆಗಬೇಕು. ಅದರ ಕಪ್ತಾನ ಫ್ರಾಂಸ್ವಾ ರಿಪೋ. ಮಾರಿಷಸ್ (ಆಗ ಅದರ ಹೆಸರು ಈಲ್ ದ ಫ್ರಾನ್ಸ್) ಕಡೆಯವನು, ಶತ್ರುಗಳ ವ್ಯಾಪಾರಿ ಹಡಗು ಹಿಡಿದು ಲೂಟಿ ಹೊಡೆಯೋದು ಕಸುಬು. ಲೈಸೆನ್ಸ್ ಇರೋ ಕಡಲ್ಗಳ್ಳ ಅಂದುಕೊಳ್ಳಿ. ಹಾಯಿಕಂಬ ಮುರಿದ ಹಡಗಿನ ಪಾಡು ಏನು ಗೊತ್ತಾ? ಇಂಜಿನ್ ಸೀಜ್ ಆದ ಲಾರಿಯ ಹಾಗೆ. ಲಾರಿಯಾದರೂ ರಸ್ತೆ ಪಕ್ಕ ನಿಲ್ಲುತ್ತೆ, ಇದು ಅಲೆ ಕರೆದ ಕಡೆ ಹೋಗುತ್ತೆ. ಹೊಸ ಕಂಬಕ್ಕೆ ಉದ್ದನೆಯ ನೇರ ಮರ ಬೇಕು, ಬಡಗಿಗಳು ಬೇಕು, ಕಾಸು ಬೇಕು. ರಿಪೋ ಹತ್ತಿರ ಇದ್ದದ್ದು ಬಾಯಿ ಒಂದೇ.

ಆ ಬಾಯಲ್ಲೇ ಕೆಲಸ ಮಾಡಿಕೊಂಡ. ಮಂಗಳೂರಿನ ಮೀರ್-ಎ-ಯಮ್ ಆತನನ್ನು ಶ್ರೀರಂಗಪಟ್ಟಣಕ್ಕೆ ಕರೆತಂದ. ಟಿಪ್ಪುವಿನ ಮುಂದೆ ರಿಪೋ ಹೇಳಿದ್ದು ಇದು: ನಾನು ಮಾರಿಷಸ್‌ನ ದೊಡ್ಡ ಅಧಿಕಾರಿ, ಅಲ್ಲಿ 10,000 ಫ್ರೆಂಚ್ ಸೈನಿಕರು ತಯಾರಾಗಿ ಕೂತಿದ್ದಾರೆ, ನೀವು ಹೂಂ ಅಂದರೆ ಬಂದುಬಿಡ್ತಾರೆ. ಶುದ್ಧ ಸುಳ್ಳು.

ಟಿಪ್ಪು ನಂಬಿದ. ಯಾಕೆ ಅನ್ನೋದು ಕಷ್ಟದ ಪ್ರಶ್ನೆಯೇನಲ್ಲ. 1792ರಲ್ಲಿ ಕಾರ್ನ್‌ವಾಲಿಸ್ ಅರ್ಧ ರಾಜ್ಯ ಕಿತ್ತುಕೊಂಡಿದ್ದ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಮದರಾಸಿಗೆ ಒಯ್ದಿದ್ದ. 1796ರಲ್ಲಿ ಟಿಪ್ಪು ನಲವತ್ತರಷ್ಟು ಯುದ್ಧನೌಕೆ ಕಟ್ಟೋಕೆ ಹುಕುಂ ಮಾಡಿದ್ದ. ಆದರೆ ಹಡಗು ಕಟ್ಟೋದು ಹುಕುಂನಿಂದ ಆಗೋ ಕೆಲಸ ಅಲ್ಲ. ಮುಳುಗೋನಿಗೆ ಹುಲ್ಲುಕಡ್ಡಿ ಅಂತಾರಲ್ಲ, ಇಲ್ಲಿ ಕಡ್ಡಿಯೇ ಮುರಿದಿತ್ತು. ದರ್ಬಾರಿನ ಅಧಿಕಾರಿಗಳ ಅಭಿಪ್ರಾಯ ಕೇಳಿದಾಗ ಈ ಮನುಷ್ಯನ ಮಾತು ನಂಬಬೇಡಿ ಅಂದವರೂ ಇದ್ದರು. ಅದು ದಾಖಲೆಯಲ್ಲಿದೆ. ಮಾರಿಷಸ್‌ಗೆ ಒಬ್ಬ ಗುಟ್ಟಿನ ಮನುಷ್ಯನನ್ನು ವ್ಯಾಪಾರಿ ವೇಷದಲ್ಲಿ ಕಳಿಸಿ, ಸೈನ್ಯ ಇದೆಯಾ ಇಲ್ಲವಾ ಅಂತ ಮೊದಲು ನೋಡಿಸಬಹುದಿತ್ತು. ನಮ್ಮ ಕೆಲಸದಲ್ಲಿ ಹೊರಗಿನಿಂದ ಬಂದ ಡೇಟಾವನ್ನು ಹಾಗೇ ಒಳಗೆ ಬಿಟ್ಟುಕೊಂಡರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು.

ಇದೇ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಜಾಕೋಬಿನ್ ಕ್ಲಬ್ ಆಯಿತು, 59 ಜನ ಫ್ರೆಂಚರು ಸೇರಿ 1797ರ ಮೇ ತಿಂಗಳಲ್ಲಿ ಸ್ವಾತಂತ್ರ್ಯದ ಮರ ನೆಟ್ಟು ಬಾವುಟ ಹಾರಿಸಿದರು, ಟಿಪ್ಪು ತೋಪು ಹಾರಿಸಿದ ಅಂತ ಒಂದು ಕಥೆ ಇದೆಯಲ್ಲ, ಅದರ ಅಧ್ಯಕ್ಷನೂ ಇದೇ ರಿಪೋ. ಕಥೆಯ ಆಧಾರ ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕವು ಅಂತ ಕಂಪನಿಯವರು ಪ್ರಕಟಿಸಿದ ಕಾಗದಗಳು. ಅದರಲ್ಲಿ ನಿಜ ಎಷ್ಟು, ಯುದ್ಧ ಸಮರ್ಥಿಸೋಕೆ ಉಪ್ಪು ಖಾರ ಎಷ್ಟು ಅಂತ ಇತಿಹಾಸಕಾರರಲ್ಲಿ ಚರ್ಚೆ ಇದೆ. ನಂಗಂತೂ 'ಸಿಟಿಜನ್ ಟಿಪ್ಪು' ಅನ್ನೋದು ರಿಪೋನ ಬಾಯಿಗೆ ತಕ್ಕ ಮಾತು ಅನ್ಸುತ್ತೆ.

ಟಿಪ್ಪು ಆ ಹಡಗನ್ನೇ 17 ಸಾವಿರ ರೂಪಾಯಿಗೆ ಕೊಂಡುಕೊಂಡ. ಅದರಲ್ಲೇ ಮಾರಿಷಸ್‌ಗೆ ರಾಯಭಾರಿಗಳನ್ನು ಕಳಿಸೋದು ಅಂತ ತೀರ್ಮಾನ. ಆದರೆ ಅಷ್ಟರಲ್ಲಿ ಮುಂಗಾರು ಬಂತು. ಬಾಗಿಲು ಬಂದ್. ಆ ವರ್ಷದ ಮಳೆಗಾಲ ಪೂರ್ತಿ ಹಡಗು ಕದಲಲಿಲ್ಲ. ಮಳೆಗಾಲ ಮುಗಿದ ಮೇಲೆ ಹಸನ್ ಅಲಿ ಮತ್ತು ಶೇಖ್ ಇಬ್ರಾಹಿಂ ಅನ್ನೋ ಇಬ್ಬರು ರಿಪೋ ಜೊತೆ ಹೊರಟರು. ಮಂಗಳೂರಿಂದ ಪೋರ್ಟ್ ಲೂಯಿಗೆ ಸುಮಾರು 4 ಸಾವಿರ ಕಿಲೋಮೀಟರ್. ಒಮ್ಮೆ ಮುರಿದು ತೇಪೆ ಹಾಕಿದ ಹಡಗು, ಸುಳ್ಳು ಹೇಳಿ ಸಿಕ್ಕಿಬೀಳೋಕೆ ಹೊರಟ ಕಪ್ತಾನ, ಕಡಲು ಗೊತ್ತಿಲ್ಲದ ಇಬ್ಬರು ಪ್ರಯಾಣಿಕರು.. ಆ ಹಡಗಿನ ಮೇಲೆ ಏನು ಮಾತು ನಡೀತಿತ್ತೋ, ಯೋಚಿಸಿ ನೋಡಿ.

1798ರ ಜನವರಿಯಲ್ಲಿ ಪೋರ್ಟ್ ಲೂಯಿ. ಅಲ್ಲಿ ಇಳಿದ ಮೇಲೆ ಗೊತ್ತಾಯಿತು, ಸೈನ್ಯವೇ ಇಲ್ಲ! ಅದೂ ಅಲ್ಲದೆ ಆ ದ್ವೀಪ ಪ್ಯಾರಿಸ್ ಸರ್ಕಾರದ ಮಾತೇ ಕೇಳ್ತಿರಲಿಲ್ಲ. ಗುಲಾಮಗಿರಿ ರದ್ದು ಮಾಡೋಕೆ ಅಂತ ಪ್ಯಾರಿಸ್‌ನಿಂದ ಬಂದ ಅಧಿಕಾರಿಗಳನ್ನು 1796ರಲ್ಲಿ ಅಲ್ಲಿನ ತೋಟದ ಮಾಲೀಕರು ಹಡಗು ಹತ್ತಿಸಿ ಓಡಿಸಿದ್ದರು. ಅಂಥ ಜಾಗದ ಗವರ್ನರ್ ಮಾಲಾರ್ತಿಕ್. ರಾಯಭಾರಿಗಳಿಗೆ ಗುಟ್ಟು ಮುಖ್ಯವಾಗಿತ್ತು, ಆತ ಅವರನ್ನು ಬಹಿರಂಗವಾಗಿ, ಭರ್ಜರಿಯಾಗಿ ಬರಮಾಡಿಕೊಂಡ. ಕೊಡೋಕೆ ಸೈನ್ಯ ಇಲ್ಲದ್ದಕ್ಕೆ ಜನವರಿ ಕೊನೆಯಲ್ಲಿ ಒಂದು ಪ್ರಕಟಣೆ ಅಚ್ಚು ಹಾಕಿಸಿ ಹಂಚಿದ. ಟಿಪ್ಪು ಇಂಗ್ಲಿಷರ ಮೇಲೆ ಯುದ್ಧಕ್ಕೆ ಫ್ರೆಂಚರ ನೆರವು ಕಾಯ್ತಿದ್ದಾನೆ, ಇಷ್ಟ ಇದ್ದವರು ಹೆಸರು ಕೊಡಿ, ಒಳ್ಳೇ ಸಂಬಳ ಅಂತ. ಗುಟ್ಟಿನ ಪ್ರಸ್ತಾಪ ಗೋಡೆ ಮೇಲಿನ ಜಾಹೀರಾತಾಯಿತು. ಹೆಸರು ಕೊಟ್ಟವರು ಎಲ್ಲ ಸೇರಿ ನೂರು ಜನ. ಹತ್ತು ಸಾವಿರ ಎಲ್ಲಿ, ನೂರು ಎಲ್ಲಿ!

ಆ ನೂರು ಜನರನ್ನು ಹೊತ್ತ ಪ್ರನೂಸ್ ಅನ್ನೋ ಯುದ್ಧನೌಕೆ 1798ರ ಏಪ್ರಿಲ್ 26ಕ್ಕೆ ಮಂಗಳೂರಿಗೆ ಬಂತು. ದಾರಿಯಲ್ಲಿ ತಲಶ್ಶೇರಿ ಹತ್ತಿರ ಕಂಪನಿಯ ಎರಡು ಹಡಗನ್ನೂ ಹಿಡಿದುಕೊಂಡು ಬಂದಿತ್ತು, ಅಂದರೆ ಬಂದದ್ದು ಗೊತ್ತಾಗಬಾರದು ಅನ್ನೋ ಮಾತೇ ಇಲ್ಲ. ಅಚ್ಚಾದ ಪ್ರಕಟಣೆಯಂತೂ ಇನ್ನೂ ಜೋರಾಗಿ ಓಡಿತು. ಜೂನ್ 8ಕ್ಕೆ ಕಲ್ಕತ್ತದ ಪತ್ರಿಕೆಯಲ್ಲಿ! ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ಮಾರ್ನಿಂಗ್ಟನ್, ಮುಂದೆ ವೆಲ್ಲೆಸ್ಲಿ ಅಂತ ಹೆಸರಾದವನು, ಅಧಿಕಾರಕ್ಕೆ ಬಂದು ಇನ್ನೂ ತಿಂಗಳೂ ಆಗಿರಲಿಲ್ಲ. ಮೊದಲು ಇದು ನಕಲಿ ಇರಬೇಕು ಅಂದುಕೊಂಡನಂತೆ. ನಿಜ ಅಂತ ಖಾತ್ರಿಯಾದ ಮೇಲೆ ಯುದ್ಧದ ತಯಾರಿ ಶುರು.

ಈ ಹಡಗು ಬರದೇ ಇದ್ದಿದ್ದರೆ ಯುದ್ಧ ಆಗ್ತಿರಲಿಲ್ಲವಾ? ಆಗ್ತಿತ್ತು ಅಂತಲೇ ನನ್ನ ಅಭಿಪ್ರಾಯ. ವೆಲ್ಲೆಸ್ಲಿಗೆ ನೆಪ ಬೇಕಿತ್ತು, ಇದಲ್ಲದಿದ್ದರೆ ಇನ್ನೊಂದು. ಜುಲೈನಲ್ಲಿ ನೆಪೋಲಿಯನ್ ಈಜಿಪ್ಟ್‌ನಲ್ಲಿ ಇಳಿದ, ಅದೊಂದೇ ಸಾಕಾಗ್ತಿತ್ತು. ಆದರೆ ಯಾವಾಗ ಅನ್ನೋದು ಬದಲಾಗ್ತಿತ್ತು. ಯಾವಾಗ ಅನ್ನೋದು ಶ್ರೀರಂಗಪಟ್ಟಣಕ್ಕೆ ಜೀವ-ಸಾವಿನ ಮಾತು. ಯಾಕೆ ಅಂದರೆ ಕಾವೇರಿ.

1791 ನೋಡಿ. ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಬಂದ. 15ನೇ ತಾರೀಕು ಅರಕೆರೆಯ ಹತ್ತಿರ ಗೆದ್ದ. ಆದರೆ ಮಳೆ ಹಿಡಿದುಕೊಂಡಿತ್ತು. ಎತ್ತುಗಳು ರೋಗ ಬಂದು ಸಾಲುಸಾಲಾಗಿ ಸತ್ತವು, ದಿನಸಿ ಮುಗಿಯಿತು. ಕನ್ನಂಬಾಡಿಯ ಹತ್ತಿರ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂದಿರುಗಿದ. ಮರಾಠರ ಸೈನ್ಯ ಬಂದು ಸೇರುವಷ್ಟರಲ್ಲಿ ಆತನ ಫಿರಂಗಿಗಳೇ ಇರಲಿಲ್ಲ. ಈಗ ಆ ಹಳೇ ಕನ್ನಂಬಾಡಿ ಕೆ.ಆರ್.ಎಸ್. ನೀರಿನ ಅಡಿಯಲ್ಲಿದೆ. ಆ ವರ್ಷ ಪಟ್ಟಣ ಉಳಿಸಿದ್ದು ನಮ್ಮ ಮಳೆ.

1799ರಲ್ಲಿ ಹ್ಯಾರಿಸ್ ಆ ಪಾಠ ಓದಿಕೊಂಡೇ ಬಂದಿದ್ದ. ಏಪ್ರಿಲ್ ಮೊದಲ ವಾರಕ್ಕೇ ಕೋಟೆ ಮುಂದೆ ಹಾಜರ್. ಆತನಿಗೂ ದಿನಸಿ ಮುಗಿಯುತ್ತಾ ಬಂದಿತ್ತು, ಆದರೆ ಹೊಳೆ ಏರೋಕೆ ಇನ್ನೂ ದಿನ ಇತ್ತು. ಅದೇ ವರ್ಷ ಜನವರಿಯ ಕೊನೇ ವಾರ ನೆಪೋಲಿಯನ್ ಕೈರೋದಿಂದ ಟಿಪ್ಪುಗೆ ಒಂದು ಕಾಗದ ಬರೆದಿದ್ದ. ಸೂಯೆಜ್‌ಗೆ ನಂಬಿಕಸ್ತ ಮನುಷ್ಯನನ್ನು ಕಳಿಸು, ಮಾತಾಡೋಣ ಅಂತ. ಅದನ್ನು ಇಂಗ್ಲಿಷರು ಜೆದ್ದಾದಲ್ಲೇ ಹಿಡಿದರು.

ಮೇ 4, ಮಧ್ಯಾಹ್ನ ಒಂದು ಗಂಟೆಯ ಸುಮಾರು. ಕೋಟೆಯ ವಾಯುವ್ಯ ಮೂಲೆಯ ಗೋಡೆಯಲ್ಲಿ ಬಿರುಕು ಬಿದ್ದಿತ್ತು. ಇವತ್ತಿಗೂ ಬೇಸಿಗೆಯಲ್ಲಿ ಆ ಕಡೆ ಹೋಗಿ ನಿಂತರೆ ಕಾವೇರಿಯಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ ಕಾಣುತ್ತೆ, ಹುಡುಗರು ಬಂಡೆಯಿಂದ ಬಂಡೆಗೆ ನೆಗೆದುಕೊಂಡು ಆಚೆ ದಡದವರೆಗೂ ಹೋಗ್ತಾರೆ. ಅವತ್ತೂ ಹೊಳೆ ಹಾಗೇ ಇತ್ತು. ಕೆಲವು ಕಡೆ ಪಾದ ಮುಳುಗೋಷ್ಟು, ಕೆಲವು ಕಡೆ ಸೊಂಟದವರೆಗೆ. ಕಂಪನಿಯ ಸೈನಿಕರು ಕಂದಕದಿಂದ ಎದ್ದು, ಹೊಳೆ ದಾಟಿ, ಬಿರುಕಿನ ಮೇಲೆ ಬಾವುಟ ನೆಡೋಕೆ ತೆಗೆದುಕೊಂಡದ್ದು ಆರೇ ನಿಮಿಷ. ಮುಂಗಾರಿಗೆ ಇನ್ನೂ ಒಂದು ತಿಂಗಳಿತ್ತು.